ಡಸ್ಟ್ ಕಲೆಕ್ಟರ್ ಎಳೀತಿಲ್ವಾ? ಚೀಲ ಬಿಚ್ಚುವ ಮುಂಚೆ ಇದನ್ನು ನೋಡಿ

ತೀರ್ಥಹಳ್ಳಿ ಹತ್ತಿರ ನನ್ನದೊಂದು ಸಣ್ಣ ಫರ್ನಿಚರ್ ಶೆಡ್ ಇದೆ. ಮರ ಕೊಯ್ಯುವ ಟೇಬಲ್ ಸಾ, ಹೆರೆಯುವ ಪ್ಲೇನರ್, ಉಜ್ಜುವ ಬೆಲ್ಟ್ ಸ್ಯಾಂಡರ್ ಮೂರಕ್ಕೂ ಸೇರಿ ಒಂದೇ ಡಸ್ಟ್ ಕಲೆಕ್ಟರ್, ಅಂದರೆ ಹೊಟ್ಟು, ಧೂಳನ್ನು ಫ್ಯಾನಿನಿಂದ ಎಳೆದು ಚೀಲಕ್ಕೆ ತುಂಬುವ ಮಷೀನ್. 3 ಎಚ್‌ಪಿ, ತ್ರೀ ಫೇಸ್. ಒಂದು ಮೇ ತಿಂಗಳಲ್ಲಿ ಅದು ಎಳೆಯುವುದು ಇದ್ದಕ್ಕಿದ್ದಂತೆ ಕಮ್ಮಿ ಆಯಿತು. ಪ್ಲೇನರ್ ಬಾಯಲ್ಲೇ ಅಕೇಶಿಯಾ ಸಿಪ್ಪೆ ಗುಡ್ಡೆ ಬೀಳುತ್ತಿತ್ತು.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಚೀಲ ಬಿಚ್ಚಿ ಬಡಿದೆ. ಪೈಪಿಗೆ ಕೋಲು ಹಾಕಿದೆ. ಕೊನೆಗೆ ಹೊಸ ಚೀಲವನ್ನೂ ತರಿಸಿದೆ. ಮೂರು ದಿನ, ದುಡ್ಡು ಎರಡೂ ಹೋಯಿತು. ಆಗ ಪಕ್ಕದ ಅಡಿಕೆ ತೋಟದ ಯಜಮಾನರು ಬಂದು, "ಮೋಟ್ರು ಓಡ್ತದೆ ಮಾರಾಯ, ನೀರು ಮಾತ್ರ ಮೊದಲಿನ ಹಾಗೆ ಬರೋದಿಲ್ಲ" ಅಂದರು. ಅಲ್ಲಿ ತಲೆಗೆ ಹೊಳೆಯಿತು. ಹಿಂದಿನ ವಾರ ಅಡ್ಡಮಳೆಗೆ ಮರ ಬಿದ್ದು ಲೈನ್ ಹರಿದಿತ್ತು. ಮತ್ತೆ ಜೋಡಿಸುವಾಗ ಎರಡು ಫೇಸ್ ಅದಲುಬದಲಾಗಿದ್ದವು. ಹಾಗಾದರೆ ತ್ರೀ ಫೇಸ್ ಮೋಟಾರ್ ಉಲ್ಟಾ ತಿರುಗುತ್ತದೆ. ಅವರ ಪಂಪೂ ಉಲ್ಟಾ, ನನ್ನ ಫ್ಯಾನೂ ಉಲ್ಟಾ!

ಟೇಬಲ್ ಫ್ಯಾನ್ ಉಲ್ಟಾ ತಿರುಗಿದರೆ ಗಾಳಿ ಹಿಂದಕ್ಕೆ ಹೋಗುತ್ತದೆ, ತಕ್ಷಣ ಗೊತ್ತಾಗುತ್ತದೆ. ಡಸ್ಟ್ ಕಲೆಕ್ಟರಿನ ಇಂಪೆಲ್ಲರ್, ಅಂದರೆ ಒಳಗಿನ ರೆಕ್ಕೆಚಕ್ರ, ಹಾಗಲ್ಲ. ಅದು ಯಾವ ಕಡೆ ತಿರುಗಿದರೂ ಗಾಳಿಯನ್ನು ನಡುವಿನಿಂದ ಎಳೆದು ಅಂಚಿಗೆ ಎಸೆಯುತ್ತದೆ. ಹಾಗಾಗಿ ಉಲ್ಟಾ ಓಡುವಾಗಲೂ ಎಳೆಯುತ್ತದೆ, ಆದರೆ ಸೋತ ಹಾಗೆ. ನನ್ನ ಬೇರೆ ಮಷೀನುಗಳೆಲ್ಲ ಸಿಂಗಲ್ ಫೇಸ್. ಅದಕ್ಕೇ ಗುಟ್ಟು ಹೊರಬರಲಿಲ್ಲ.

ನೋಡುವುದು ಸುಲಭ. ಸ್ವಿಚ್ ಆಫ್ ಮಾಡಿ, ಮೋಟಾರಿನ ಹಿಂದಿನ ಸಣ್ಣ ಫ್ಯಾನ್ ನಿಲ್ಲುವ ಹೊತ್ತಿಗೆ ಯಾವ ಕಡೆ ತಿರುಗುತ್ತದೆ ಅಂತ ಗಮನಿಸಿ. ಕೇಸಿಂಗ್ ಮೇಲಿನ ಬಾಣಕ್ಕೆ ಹೊಂದಬೇಕು. ಹೊಂದದಿದ್ದರೆ ಎಲೆಕ್ಟ್ರಿಷಿಯನ್ ಕರೆದು, ಮೇನ್ ತೆಗೆಸಿ, ಮೂರರಲ್ಲಿ ಯಾವುದಾದರೂ ಎರಡು ಫೇಸ್ ಬದಲಿಸಿದರೆ ಮುಗಿಯಿತು. ಸಿಂಗಲ್ ಫೇಸ್ ಮೋಟಾರಿಗೆ ಈ ಕಾಟ ಇಲ್ಲ. ಅದರಲ್ಲಿ ವೋಲ್ಟೇಜ್ ಮತ್ತು ಕೆಪಾಸಿಟರ್ ನೋಡಿ.

ಅವತ್ತಿನಿಂದ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ತಪ್ಪು ಫ್ಯಾನಿನದ್ದಾ, ಗಾಳಿ ಹೋಗುವ ದಾರಿಯದ್ದಾ? ಇದಕ್ಕೆ ಗಾರೆ ಕೆಲಸದವರು ನೀರು ತುಂಬಿ ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪ್ ಸಾಕು. ಎರಡು ಮೀಟರ್ ತುಂಡನ್ನು ಹಲಗೆಯ ಮೇಲೆ 'ಯು' ಆಕಾರಕ್ಕೆ ಬಗ್ಗಿಸಿ ಕಟ್ಟಿ. ಎರಡೂ ಕಾಲು ಅರ್ಧ ಮೀಟರಿನಷ್ಟು ಉದ್ದ ಇರಲಿ. ಅರ್ಧದವರೆಗೆ ನೀರು ತುಂಬಿಸಿ. ನಾನು ಸ್ವಲ್ಪ ಕುಂಕುಮ ಹಾಕುತ್ತೇನೆ, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಈಗ ಕಲೆಕ್ಟರ್ ಬಾಯಿಂದ ಹೋಸ್ ತೆಗೆಯಿರಿ. ಒಂದು ಪ್ಲೈವುಡ್ ತುಂಡಿಗೆ ತೂತು ಕೊರೆದು ಲೆವೆಲ್ ಪೈಪಿನ ಒಂದು ತುದಿ ಬಿಗಿಯಾಗಿ ತೂರಿಸಿ. ಮಷೀನ್ ಆಫ್ ಇರುವಾಗಲೇ ಆ ತುಂಡಿನಿಂದ ಬಾಯಿ ಪೂರ್ತಿ ಮುಚ್ಚಿ, ಆಮೇಲೆ ಹತ್ತು ಸೆಕೆಂಡ್ ಓಡಿಸಿ. ಕೈಯಿಂದ ಮುಚ್ಚಿ ನೋಡುವ ಸಾಹಸ ಬೇಡ, ಒಳಗೆ ಗೇಣು ದೂರದಲ್ಲೇ ಇಂಪೆಲ್ಲರ್ ಇರುತ್ತದೆ. ಎರಡೂ ಕಡೆಯ ನೀರಿನ ಮಟ್ಟದ ವ್ಯತ್ಯಾಸ ಅಳೆಯಿರಿ. ಉಲ್ಟಾ ಓಡುವಾಗ ನನ್ನದು 12 ಸೆಂಟಿಮೀಟರ್ ತೋರಿಸಿತ್ತು, ಸರಿಮಾಡಿದ ಮೇಲೆ 21. ನಿಮ್ಮ ಮಷೀನಿನ ಲೆಕ್ಕ ಬೇರೆ ಇರುತ್ತದೆ. ಎಲ್ಲ ಸರಿ ಇರುವ ದಿನವೇ ಅಳೆದು ಗೋಡೆಯ ಮೇಲೆ ಬರೆದಿಡಿ.

ಗಾಳಿ ಹರಿಯದಿದ್ದಾಗ ಚೀಲ ಎಷ್ಟು ಕಟ್ಟಿಕೊಂಡಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಹಾಗಾಗಿ ಇದು ಇಳಿದಿದ್ದರೆ ತಪ್ಪು ಫ್ಯಾನಿನದ್ದೇ. ಉಲ್ಟಾ ಓಟ, ನಿಧಾನ ಓಟ, ಸವೆದ ರೆಕ್ಕೆ, ಅಥವಾ ರೆಕ್ಕೆಗೆ ಮೆತ್ತಿದ ಹೊಟ್ಟು. ಇಳಿಯದಿದ್ದರೆ ಫ್ಯಾನ್ ಬಿಡಿ, ಗಾಳಿಯ ದಾರಿಯಲ್ಲಿ ತಪ್ಪು ಹುಡುಕಿ.

ಹೋಸ್ ಮತ್ತೆ ಹಾಕಿ. ಕಲೆಕ್ಟರ್ ಹತ್ತಿರ ಪೈಪಿಗೆ ಸಣ್ಣ ತೂತು ಮಾಡಿ ಲೆವೆಲ್ ಪೈಪ್ ಸಿಕ್ಕಿಸಿ, ಒಂದೊಂದು ಮಷೀನಿನ ಪೈಪಿಗೂ ಇರುವ ಗೇಟ್ (ಗಾಳಿ ತಡೆಯುವ ಬಾಗಿಲು) ಎಲ್ಲ ಮುಚ್ಚಿ. ಮೊದಲಿನಷ್ಟು ಬರದಿದ್ದರೆ ಎಲ್ಲೋ ಸೋರುತ್ತಿದೆ. ಊದುಬತ್ತಿ ಹೊಗೆ ಹಿಡಿದರೆ ಜಾಗ ಸಿಗುತ್ತದೆ, ಆದರೆ ಒಳಗಿನ ಹೊಟ್ಟಿಗೆ ಕಿಡಿ ಬಿದ್ದರೆ ಕಥೆ ಮುಗಿಯಿತು. ನಾನು ತೆಳು ಪ್ಲಾಸ್ಟಿಕ್ ಪಟ್ಟಿ ಹಿಡಿದು ನೋಡುತ್ತೇನೆ, ಸೋರುವ ಕಡೆ ಅದು ಅಂಟಿಕೊಳ್ಳುತ್ತದೆ.

ಆಮೇಲೆ ಪ್ಲೇನರ್ ಗೇಟ್ ಒಂದನ್ನೇ ತೆಗೆಯಿರಿ. ನನ್ನ ಶೆಡ್‌ನಲ್ಲಿ ಸರಿ ಇರುವಾಗ 11. ಅದು ಏರಿ 18, 19ಕ್ಕೆ ಹೋದರೆ ಪೈಪಿನಲ್ಲಿ ಅಡ್ಡ ಇದೆ. 6, 7ಕ್ಕೆ ಇಳಿದರೆ ಚೀಲ ಕಟ್ಟಿದೆ, ಇಲ್ಲವೇ ತೂತಿನಿಂದ ಆಚೆ ಕಲೆಕ್ಟರ್ ಬಾಯಲ್ಲೇ ಅಡ್ಡ ಇದೆ. ಚೀಲ ಮುಟ್ಟಿಯೂ ಹೇಳಬಹುದು: ನಗಾರಿಯ ಹಾಗೆ ಬಿಗಿದಿದ್ದರೆ ಗಾಳಿ ಹೊರಹೋಗುತ್ತಿಲ್ಲ, ಜೋಲುಬಿದ್ದಿದ್ದರೆ ಗಾಳಿ ಒಳಗೇ ಬರುತ್ತಿಲ್ಲ.

ಪೈಪಿನ ಅಡ್ಡ ಬಹುಪಾಲು ಮೊಣಕೈ ತಿರುವಿನಲ್ಲಿ, ಇಲ್ಲವೇ ಕಲೆಕ್ಟರ್ ಬಾಯಿಯ ಅಡ್ಡಕಂಬಿಯಲ್ಲಿ. ಉದ್ದ ಸಿಪ್ಪೆ ಅಲ್ಲಿ ಸುತ್ತಿಕೊಂಡು ಗೂಡಾಗುತ್ತದೆ. ಒಮ್ಮೆ ತಿಂಗಳುಗಟ್ಟಲೆ ಬಳಸದ ಸ್ಯಾಂಡರ್ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ.

ಚೀಲದ ಶತ್ರು ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು. ನಮ್ಮ ಕಡೆಯ ಜುಲೈ ತೇವ ಸೇರಿದರೆ ಅದು ಒಳಗೆ ಹಿಟ್ಟಿನ ಹಾಗೆ ಮೆತ್ತುತ್ತದೆ. ಒಣಗಿದ ದಿನ ಹೊರಗೆ ತಂದು ಬಡಿಯಿರಿ, ಎನ್95 ಮಾಸ್ಕ್ ಹಾಕಿಕೊಂಡು. ಟವೆಲ್ ಕಟ್ಟಿಕೊಂಡರೆ ಸಾಲದು. ಮರದ ಧೂಳು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಪಟ್ಟಿಗೆ ಸೇರಿಸಿದೆ.

ಇಷ್ಟೆಲ್ಲ ಸರಿ ಇದ್ದೂ ಒಂದೇ ಮಷೀನಿನಲ್ಲಿ ಎಳೆತ ಕಮ್ಮಿ ಅಂದರೆ ಅದರ ಪೈಪ್ ಅಳತೆ ನೋಡಿ. ಎರಡೂವರೆ ಇಂಚಿನ ಪೈಪಿನ ಬಾಯಿ 4 ಇಂಚಿನದರಲ್ಲಿ ನೂರಕ್ಕೆ 39 ಭಾಗ ಮಾತ್ರ. ನನ್ನ ಟೇಬಲ್ ಸಾಗೆ ಅಡಾಪ್ಟರ್ ಹಾಕಿ ಅದನ್ನೇ ಜೋಡಿಸಿದ್ದೆ. ಆ ತಪ್ಪು ಮಾತ್ರ ಲೈನಿನದ್ದಲ್ಲ, ನನ್ನದೇ.