ಹಲ್ಲು ಕಟ್ಟಿಸಲು ಮೆಕ್ಸಿಕೋಗೆ ಹೋಗಿದ್ದು: ನನ್ನ ಅನುಭವ

ಕೆಳದವಡೆಯ ಒಂದು ಹಲ್ಲಿಗೆ ಇಂಪ್ಲಾಂಟ್ ಮತ್ತು ಕ್ಯಾಪ್ ಹಾಕಲು ನಾನಿರುವ ಅಮೆರಿಕದ ಫೀನಿಕ್ಸ್‌ನಲ್ಲಿ ನಾಲ್ಕೂವರೆ ಸಾವಿರ ಡಾಲರ್ ಮೇಲೆ ಹೇಳಿದರು. ನನ್ನ ಇನ್ಶೂರೆನ್ಸ್ ಇಡೀ ವರ್ಷಕ್ಕೆ ಕೊಡುವುದೇ 1,500. "ಊರಿಗೆ ಬಂದಾಗ ಮಾಡಿಸ್ಕೊಳ್ಳೋ" ಅಂದರು ಅಮ್ಮ. ರೂಟ್ ಕೆನಾಲ್ ಆಗಿದ್ದರೆ ರಜೆಯಲ್ಲೇ ಮುಗಿಯುತ್ತಿತ್ತು. ಇಂಪ್ಲಾಂಟ್ ಹಾಗಲ್ಲ. ಹಲ್ಲಿನ ಬೇರಿನ ಜಾಗದಲ್ಲಿ ಹಾಕುವ ಟೈಟಾನಿಯಂ ಸ್ಕ್ರೂ ದವಡೆ ಮೂಳೆಗೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು, ಕ್ಯಾಪ್ ಏನಿದ್ದರೂ ಆಮೇಲೆ. ಅಂದರೆ ಬೆಂಗಳೂರಿಗೆ ಎರಡು ಸಲ ಟಿಕೆಟ್. ಉಳಿಸಿದ್ದೆಲ್ಲ ವಿಮಾನಕ್ಕೇ ಸುರಿದ ಹಾಗೆ.

ಹಾಗಾಗಿ ಗಡಿಯಲ್ಲೇ ಇರುವ ಮೆಕ್ಸಿಕೋದ ಲಾಸ್ ಆಲ್ಗೊಡೋನೆಸ್‌ಗೆ ಹೋದೆ. ಅರಿಜೋನಾದ ಯೂಮಾ ಪಕ್ಕದಲ್ಲೇ ಇದೆ, ಇಲ್ಲಿಂದ ಸುಮಾರು ಮೂರು ಗಂಟೆ ಡ್ರೈವ್. ಗಡಿಯ ಈಚೆ ಕ್ವೆಚಾನ್ ಬುಡಕಟ್ಟಿನವರ ಪಾರ್ಕಿಂಗ್‌ನಲ್ಲಿ ಕಾರು ಬಿಟ್ಟು ನಡೆದೇ ದಾಟಬಹುದು. ಪುಟ್ಟ ಊರು, ನೂರಾರು ಡೆಂಟಿಸ್ಟ್‌ಗಳು. ಗೇಟು ದಾಟಿದ್ದೇ ತಡ, ಮೆಜೆಸ್ಟಿಕ್‌ನಲ್ಲಿ ಆಟೋದವರು ಮುತ್ತಿಕೊಳ್ಳುವ ಹಾಗೆ "ಡೆಂಟಿಸ್ಟ್? ಕನ್ನಡಕ? ಮಾತ್ರೆ?" ಅಂತ ಬೆನ್ನು ಹತ್ತುತ್ತಾರೆ. ಸುಮ್ನೆ ಮುಂದೆ ನಡೀರಿ.

ನಾನು ಮನೆಯಿಂದಲೇ ನಾಲ್ಕಾರು ಕ್ಲಿನಿಕ್‌ಗಳಿಗೆ ಎಕ್ಸ್‌ರೇ ಕಳಿಸಿ ಕೇಳಿದ್ದೆ: ಯಾವ ಕಂಪನಿಯ ಇಂಪ್ಲಾಂಟ್, ಹಾಕುವವರು ಯಾರು, ಸಿಬಿಸಿಟಿ (ದವಡೆಯ 3ಡಿ ಎಕ್ಸ್‌ರೇ) ಸ್ಕ್ಯಾನ್ ನಿಮ್ಮಲ್ಲೇ ಇದೆಯಾ, ಮೂಳೆ ಸಾಲದೆ ಗ್ರಾಫ್ಟಿಂಗ್ (ಮೂಳೆ ತುಂಬಿಸುವುದು) ಬೇಕಾದರೆ ಅದಕ್ಕೆ ಎಷ್ಟು. ಬ್ರ್ಯಾಂಡ್ ಹೆಸರು ಹೇಳದೆ "ಒಳ್ಳೇ ಕ್ವಾಲಿಟಿ" ಅಂದವರನ್ನು ಬಿಟ್ಟೆ. ಸ್ಟ್ರಾಮನ್ ಅಂತ ಬರೆದುಕೊಟ್ಟವರಿಗೆ ಹ್ಞೂಂ ಅಂದೆ.

ಸ್ಕ್ರೂ ಹಾಕಿದ ದಿನ ಅದರ ಡಬ್ಬಿಯ ಸ್ಟಿಕರ್ ಕಿತ್ತು ಒಂದು ಕಾರ್ಡಿಗೆ ಅಂಟಿಸಿ ಕೊಟ್ಟರು. ಮಾಡೆಲ್, ಅಳತೆ, ಲಾಟ್ ನಂಬರ್ ಎಲ್ಲ ಅದರಲ್ಲಿದೆ. ಇದನ್ನು ಕೇಳಿ ಇಸ್ಕೊಳ್ಳಿ. ಮುಂದೆ ಏನಾದರೂ ಸಡಿಲವಾದರೆ ಇಲ್ಲಿನ ಡೆಂಟಿಸ್ಟ್‌ಗೆ ಯಾವ ಭಾಗ ತರಿಸಬೇಕು ಅಂತ ಗೊತ್ತಾಗಬೇಕಲ್ವಾ? ಅದಿಲ್ಲದಿದ್ದರೆ ಬೇರೆಯವರು ಮಾಡಿದ ಕೆಲಸಕ್ಕೆ ಕೈ ಹಾಕಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ.

ಎಚ್‌1ಬಿಯಲ್ಲಿ, ಅಂದರೆ ಅಮೆರಿಕದ ಕೆಲಸದ ವೀಸಾದಲ್ಲಿ ಇರುವವರಿಗೆ ಒಂದು ಮಾತು. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಅವಧಿ ಮುಗಿದಿದ್ದರೆ ಮೊದಲು ಲಾಯರ್ ಹತ್ತಿರ ಮಾತಾಡಿ. ಹಲ್ಲು ಕಾಯುತ್ತೆ.

ಪೆಟ್ರೋಲ್, ಊಟ ಎಲ್ಲ ಸೇರಿಸಿದರೂ ಇಲ್ಲಿನ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯಿತು. ಕೊರೆಯುವಾಗ ನೋವಿಲ್ಲ, ದವಡೆ ಅದುರುವುದು ಮಾತ್ರ ಗೊತ್ತಾಗುತ್ತೆ. ನಿಜವಾದ ಕಷ್ಟ ವಾಪಸ್ ಬರುವ ಕ್ಯೂ. ಚಳಿಗಾಲದಲ್ಲಿ ಕೆನಡಾದಿಂದೆಲ್ಲ ವಯಸ್ಸಾದವರು ಬರುವುದರಿಂದ ಗಂಟೆಗಟ್ಟಲೆ ನಿಲ್ಲಬೇಕಾಗಬಹುದು, ಬೆಳಗಿನ ಅಪಾಯಿಂಟ್‌ಮೆಂಟನ್ನೇ ತಗೊಳ್ಳಿ. ಬಾಯಿ ಇನ್ನೂ ಮರಗಟ್ಟಿತ್ತು, ಆಫೀಸರ್ ಕೇಳಿದ್ದಕ್ಕೆ ಮಾತೇ ಹೊರಡದೆ ಕೆನ್ನೆ ತೋರಿಸಿದೆ. ನಗುತ್ತಾ ಪಾಸ್‌ಪೋರ್ಟ್ ವಾಪಸ್ ಕೊಟ್ಟರು. ದಿನಾ ನೋಡೋದೇ ಅಲ್ವಾ ಅವರು.