ಸ್ಲ್ಯಾಪ್ ಬೇಸ್: ಬೇಡದ ತಂತಿಯ ಬಾಯಿ ಮುಚ್ಚಿಸುವುದು ಹೇಗೆ?

ಬೇಸ್ ಗಿಟಾರ್‌ನಲ್ಲಿ ಸ್ಲ್ಯಾಪ್, ಅಂದರೆ ಹೆಬ್ಬೆರಳಿನಿಂದ ತಂತಿಗೆ ಬಡಿದು ನುಡಿಸುವುದನ್ನು ಕಲಿಯಲು ಹೊರಟವರು ಶ್ರಮವನ್ನೆಲ್ಲ ಬಲಗೈ ಹೆಬ್ಬೆರಳಿಗೇ ಸುರಿಯುತ್ತಾರೆ. ಕೆಲವು ತಿಂಗಳಲ್ಲಿ ಪೆಟ್ಟು ಗಟ್ಟಿಯಾಗುತ್ತದೆ, ವೇಗವೂ ಬರುತ್ತದೆ. ಆದರೆ ಆಂಪ್‌ಗೆ (ಆಂಪ್ಲಿಫೈಯರ್) ಹಾಕಿ ನುಡಿಸಿದರೆ ಹಿಂದೆ ಗುಂಯ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ. ಹೊಡೆದಿದ್ದು ಒಂದು ತಂತಿ, ಕೇಳುತ್ತಿರುವುದು ನಾಲ್ಕೂ! ಆಗ ಮತ್ತೆ ಹೆಬ್ಬೆರಳನ್ನೇ ತಿದ್ದಲು ಕೂರುತ್ತಾರೆ. ತಿದ್ದಬೇಕಾದ್ದು ಎಡಗೈ.

ಈ ಶೈಲಿ ಹುಟ್ಟಿದ್ದೇ ಡ್ರಮ್ ಇಲ್ಲದ ಕಡೆ. 1960ರ ದಶಕದಲ್ಲಿ ಅಮೆರಿಕದ ಲ್ಯಾರಿ ಗ್ರಹಾಂ ತಮ್ಮ ಅಮ್ಮನ ಜೊತೆ ನುಡಿಸುತ್ತಿದ್ದಾಗ ಡ್ರಮ್ಮರ್ ಇರಲಿಲ್ಲ. ಬೇಸ್ ಡ್ರಮ್ಮಿನ ಜಾಗಕ್ಕೆ ಹೆಬ್ಬೆರಳಿನ ಪೆಟ್ಟು ಬಂತು. ಸ್ನೇರ್ ಡ್ರಮ್ಮಿನ ಜಾಗಕ್ಕೆ ತಂತಿಯನ್ನು ಬೆರಳಲ್ಲಿ ಎಳೆದು ಬಿಡುವ ಪಾಪ್ ಬಂತು. ಡ್ರಮ್ಮಿನ ಕೆಲಸ ಮಾಡುವ ಸದ್ದು ಪೆಟ್ಟಿನ ಹಿಂದೆಯೇ ನಿಲ್ಲಬೇಕು, ಅಲ್ವಾ? ನಿಲ್ಲದಿದ್ದರೆ ತಾಳವೇ ಕಲಸಿಹೋಗುತ್ತದೆ.

ಮೊದಲು ಒಂದು ಪರೀಕ್ಷೆ. ಬೇಸ್‌ನ ನಾಲ್ಕು ತಂತಿಗಳು ದಪ್ಪನೆಯದರಿಂದ ತೆಳ್ಳನೆಯದಕ್ಕೆ ಇ, ಎ, ಡಿ, ಜಿ; ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳೇ ಫ್ರೆಟ್. ಇ ತಂತಿಯ 3ನೇ ಫ್ರೆಟ್ ಒತ್ತಿ, ಉಳಿದ ತಂತಿಗಳನ್ನು ಮುಟ್ಟದೆ ಜೋರಾಗಿ ಸ್ಲ್ಯಾಪ್ ಮಾಡಿ. ಕೂಡಲೇ ಇ ತಂತಿಯನ್ನು ಮಾತ್ರ ಹಿಡಿದು ನಿಲ್ಲಿಸಿ. ನೀವು ಮುಟ್ಟೇ ಇರದ ಜಿ ತಂತಿ ಹಾಡುತ್ತಿರುತ್ತದೆ. ಒತ್ತಿದ ಸ್ವರ 49 ಹರ್ಟ್ಸ್, ತೆರೆದ (ಎಲ್ಲೂ ಒತ್ತದ) ಜಿ ತಂತಿ ಸರಿಯಾಗಿ ಅದರ ಎರಡರಷ್ಟು, 98 ಹರ್ಟ್ಸ್. ಅದಕ್ಕೇ ಅದು ತಾನಾಗಿ ಕಂಪಿಸುತ್ತದೆ. ಜೊತೆಗೆ ಸ್ಲ್ಯಾಪ್ ಪೆಟ್ಟು ಗಿಟಾರ್‌ನ ಕತ್ತನ್ನೇ ಅಲುಗಿಸುವುದರಿಂದ ಬೇರೆ ತಂತಿಗಳೂ ಸುಮ್ನೆ ಇರುವುದಿಲ್ಲ.

ಮೊದಲ ಹೆಜ್ಜೆ: ಕೂತಾಗಲೂ ನಿಂತಾಗಲೂ ಗಿಟಾರ್ ಒಂದೇ ಎತ್ತರದಲ್ಲಿರುವಂತೆ ಸ್ಟ್ರಾಪ್ ಹೊಂದಿಸಿ.

ಎರಡನೇ ಹೆಜ್ಜೆ: ಹೆಬ್ಬೆರಳಿನ ಗೆಣ್ಣಿನ ಬದಿಯಿಂದ, ಕೊನೆಯ ಫ್ರೆಟ್‌ಗಳ ಹತ್ತಿರ ಹೊಡೆಯಿರಿ. ಹೊಡೆದ ತಕ್ಷಣ ಬೆರಳನ್ನು ಪುಟಿಸುವವರಿದ್ದಾರೆ. ತಂತಿ ದಾಟಿಸಿ ಮುಂದಿನ ತಂತಿಯ ಮೇಲೆ ನಿಲ್ಲಿಸುವವರೂ ಇದ್ದಾರೆ. ಹೊಸಬರು ಎರಡನೆಯದನ್ನೇ ಕಲಿಯಿರಿ. ಇ ತಂತಿ ಹೊಡೆದ ಹೆಬ್ಬೆರಳು ಎ ತಂತಿಯ ಮೇಲೆ ಕೂತರೆ ಎ ತಂತಿ ಬಿಟ್ಟಿಯಾಗಿ ಮ್ಯೂಟ್ ಆಗುತ್ತದೆ, ಅಂದರೆ ಅದರ ಸದ್ದಡಗುತ್ತದೆ.

ಮೂರನೇ ಹೆಜ್ಜೆ ಎಡಗೈ. ಎಲ್ಲರೂ ಮುಗ್ಗರಿಸುವುದು ಇಲ್ಲೇ. ಬೆರಳನ್ನು ಕಮಾನಿನಂತೆ ಬಾಗಿಸಿ ತುದಿಯಿಂದ ಒತ್ತುವುದನ್ನು ಆರು ತಂತಿಯ ಗಿಟಾರ್‌ನಿಂದ ಕಲಿತು ಬಂದಿರುತ್ತಾರೆ. ಇಲ್ಲಿ ಅದನ್ನು ಬಿಡಬೇಕು. ತೋರುಬೆರಳನ್ನು ಚಪ್ಪಟೆಯಾಗಿಸಿ. ತುದಿ ಇ ತಂತಿಯನ್ನು ಒತ್ತಲಿ. ಬೆರಳಿನ ಉಳಿದ ಭಾಗ ಎ, ಡಿ, ಜಿ ತಂತಿಗಳ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿರಲಿ. ಅಲ್ಲಿ ಒತ್ತಬೇಡಿ, ತಾಗಿದರೆ ಸಾಕು.

ಒಂದು ಬೆರಳು ತಾಗಿಸಿದರೂ ಕೆಲವು ಸಲ ಕಿಣ್ ಅಂತ ತೆಳ್ಳನೆಯ ಸದ್ದು ಬರುತ್ತದೆ. ಅದು ಹಾರ್ಮೋನಿಕ್: ತಂತಿ ಪೂರ್ತಿ ನಿಲ್ಲದೆ ತುಂಡು ತುಂಡಾಗಿ ಕಂಪಿಸಿ ಬರುವ ಸ್ವರ. 5, 7, 12ನೇ ಫ್ರೆಟ್‌ಗಳ ಮೇಲೆ ಇದರ ಕಾಟ ಜಾಸ್ತಿ. ಪರಿಹಾರ ಸುಲಭ: ಒಂದೇ ತಂತಿಗೆ ಎರಡು ಬೆರಳು ಎರಡು ಜಾಗದಲ್ಲಿ ತಾಗಲಿ. ಖಾಲಿ ಇರುವ ಬೆರಳು ಗಾಳಿಯಲ್ಲಿ ನಿಂತಿದ್ದರೆ ಅದನ್ನು ಇಳಿಸಿ ತಂತಿಯ ಮೇಲೆ ಮಲಗಿಸಿ.

ಈಗ ಆಕ್ಟೇವ್, ಅಂದರೆ ಒಂದೇ ಸ್ವರವನ್ನು ಕೆಳಗೂ ಮೇಲಿನ ಸ್ಥಾಯಿಯಲ್ಲೂ ಹಿಡಿಯಿರಿ. ತೋರುಬೆರಳು ಇ ತಂತಿಯ 3ನೇ ಫ್ರೆಟ್‌ನಲ್ಲಿ, ಕಿರುಬೆರಳು ಡಿ ತಂತಿಯ 5ನೇ ಫ್ರೆಟ್‌ನಲ್ಲಿ. ತೋರುಬೆರಳು ಡಿ ತಂತಿಗೂ ತಾಗುತ್ತದಲ್ಲ ಎಂಬ ಗಾಬರಿ ಬೇಡ. ಕಿರುಬೆರಳು ಒತ್ತಿದ ಜಾಗದ ಹಿಂದೆ ಏನು ತಾಗಿದರೂ ಸ್ವರ ಕೆಡುವುದಿಲ್ಲ. ನಡುವಿನ ಎ ತಂತಿಯನ್ನು ತೋರುಬೆರಳಿನ ಜೊತೆ ಮಧ್ಯದ ಬೆರಳೂ ಮುಟ್ಟಿರಲಿ. ಕಿರುಬೆರಳನ್ನು ಸ್ವಲ್ಪ ಓರೆ ಮಾಡಿ, ಅದರ ಅಡಿಭಾಗ ಜಿ ತಂತಿಗೆ ತಾಗಲಿ. ಡಿ ತಂತಿಯನ್ನು ಪಾಪ್ ಮಾಡುವ ಹೊತ್ತಿಗೆ ಇ ತಂತಿಯ ಮೇಲಿನ ಒತ್ತಡ ಸಡಿಲವಾಗಿರಬೇಕು.

ಸಡಿಲ ಅಂದರೆ ಎತ್ತುವುದಲ್ಲ. ಬೆರಳನ್ನು ಪೂರ್ತಿ ಎತ್ತಿದರೆ ತಂತಿ ಮೀಟಿದಂತಾಗಿ ತೆರೆದ ಸ್ವರ ಚಿಮ್ಮುತ್ತದೆ. ಫ್ರೆಟ್ ಬಿಟ್ಟರೂ ತಂತಿ ಬಿಡಬೇಡಿ. ಕೈಯನ್ನು ಬೇರೆ ಜಾಗಕ್ಕೆ ಸರಿಸುವಾಗಲೂ ಅಷ್ಟೇ, ತಂತಿಗೆ ತಾಗಿಸಿಕೊಂಡೇ ಸರಿಸಿ. ನಾನು ಕೇಳಿರುವ ಗಲೀಜು ಸದ್ದಿನಲ್ಲಿ ಬಹುಪಾಲು ಹುಟ್ಟುವುದು ಹೀಗೆ ಜಾಗ ಬದಲಿಸುವ ಕ್ಷಣದಲ್ಲಿ.

ಎ ತಂತಿಯಲ್ಲಿ ನುಡಿಸುವಾಗ ದಪ್ಪನೆಯ ಇ ತಂತಿ ಬಿಡುಗಡೆಯಾಗಿಬಿಡುತ್ತದೆ. ಒತ್ತುವ ಬೆರಳಿನ ತುದಿಯನ್ನು ಒಂದು ಕೂದಲಷ್ಟು ಮುಂದೆ ತಳ್ಳಿ, ಅದು ಇ ತಂತಿಯ ಬದಿಗೆ ತಾಗಲಿ. ಅದೂ ಸಾಲದಿದ್ದರೆ ನಾಲ್ಕನೇ ಹೆಜ್ಜೆ: ಬಲಗೈ ಹೆಬ್ಬೆರಳ ಬುಡದ ಮೆತ್ತನೆಯ ಭಾಗವನ್ನು ಇ ತಂತಿಯ ಮೇಲೆ ಇಳಿಸಿ. ಡಿ, ಜಿ ತಂತಿಗಳನ್ನು ಪಾಪ್ ಮಾಡುವಾಗ ಇದು ತುಂಬಾ ಉಪಯೋಗಕ್ಕೆ ಬರುತ್ತದೆ.

ಅಡ್ಡದಾರಿಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಗಿಟಾರ್ ಕತ್ತಿಗೆ, ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹತ್ತಿರ ಸುತ್ತುವ ಪಟ್ಟಿಗಳು ಸಿಗುತ್ತವೆ. ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡ್‌ನಿಂದಲೂ ಅದೇ ಕೆಲಸ ಆಗುತ್ತದೆ. ಆದರೆ ಸ್ಲ್ಯಾಪ್‌ಗೆ ತೆರೆದ ಇ ತಂತಿ ಬೇಕೇ ಬೇಕು, ಪಟ್ಟಿ ಅದನ್ನೂ ಕೊಲ್ಲುತ್ತದೆ. ಬ್ರಿಜ್ (ಗಿಟಾರ್ ಮೈ ಮೇಲೆ ತಂತಿ ಕೂರುವ ಭಾಗ) ಹತ್ತಿರ ತಂತಿಯಡಿ ಸ್ಪಂಜು ತುರುಕಿದರೆ ಪಾಪ್‌ನ ಹೊಳಪೇ ಹೋಗುತ್ತದೆ. ಕಂಪ್ರೆಸರ್ ಪೆಡಲ್ ಇನ್ನೂ ಮೋಸ: ಸಣ್ಣ ಸದ್ದನ್ನು ಎತ್ತಿ ಹಿಡಿಯುವುದೇ ಅದರ ಕೆಲಸ, ಬೇಡದ ಗುಂಯ್ ಕೂಡ ಅದರ ಜೊತೆಗೇ ಮೇಲೆ ಬರುತ್ತದೆ. ಮ್ಯೂಟ್ ಕೈಗೆ ಹತ್ತುವ ತನಕ ಅದನ್ನು ಖರೀದಿಸಬೇಡಿ.

ಅಭ್ಯಾಸಕ್ಕೆ ಮೆಟ್ರೊನೋಮ್ (ತಾಳ ಎಣಿಸುವ ಯಂತ್ರ) ನಿಮಿಷಕ್ಕೆ 60 ಎಣಿಕೆಗೆ ಇಡಿ. ಒಂದು ಎಣಿಕೆ ಸ್ವರ, ಒಂದು ಎಣಿಕೆ ಪೂರ್ತಿ ಮೌನ. ಆ ಮೌನದಲ್ಲಿ ಏನಾದರೂ ಕೇಳಿಸಿದರೆ ಯಾವ ತಂತಿ ಅಂತ ಹುಡುಕಿ, ಯಾವ ಬೆರಳು ಖಾಲಿ ಇದೆ ನೋಡಿ. ಪ್ಲಗ್ ಹಾಕದೆ ಅಭ್ಯಾಸ ಮಾಡಬೇಡಿ, ತಪ್ಪು ಕಿವಿಗೆ ಬೀಳುವುದೇ ಇಲ್ಲ. ಫ್ಲಾಟ್‌ನಲ್ಲಿ ಅಕ್ಕಪಕ್ಕದವರಿಗೆ ತೊಂದರೆ ಆಗುತ್ತದೆ ಅಂದರೆ ಹೆಡ್‌ಫೋನ್ ಇರುವ ಸಣ್ಣ ಆಂಪ್ ಸಾಕು. ಐದು ತಂತಿಯ ಬೇಸ್ ಆಸೆ ಇದ್ದರೆ ಸ್ವಲ್ಪ ತಡೆಯಿರಿ. ಅದರ ಬಿ ತಂತಿ ಇ ತಂತಿಗಿಂತಲೂ ಹಠಮಾರಿ.