ಬಣ್ಣಕ್ಕಿಂತ ಮೊದಲು ಬಾಯಿ ನೋಡಿ: ಅಕ್ವೇರಿಯಂಗೆ ಸಮುದ್ರದ ಮೀನು ಆರಿಸುವ ಬಗೆ

ಸಿಹಿನೀರಿನ ಅಕ್ವೇರಿಯಂನಲ್ಲಿ ಕೈ ಪಳಗಿದವರಿಗೆ ಹವಳ ದಿಬ್ಬದ ಮೀನುಗಳನ್ನೂ ಸಾಕಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಎರಡರ ನಡುವೆ ಒಂದು ದೊಡ್ಡ ವ್ಯತ್ಯಾಸವಿದೆ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು; ಸಮುದ್ರದ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳ ದಿಬ್ಬಗಳಿಂದ ಹಿಡಿದು ತಂದವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಅಂಗವಾದ ಕೇಂದ್ರವೊಂದು 2003ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಈ ವ್ಯಾಪಾರದಲ್ಲಿ 1,471 ಪ್ರಭೇದಗಳಿದ್ದವು, ವರ್ಷಕ್ಕೆ 2 ಕೋಟಿಗೂ ಹೆಚ್ಚು ಮೀನುಗಳು ಮಾರಾಟವಾಗುತ್ತಿದ್ದವು. ಮಾರಾಟಕ್ಕೆ ಸಿಗುವ ಮೀನುಗಳೆಲ್ಲವೂ ಗಾಜಿನ ತೊಟ್ಟಿಯಲ್ಲಿ ಬದುಕಬಲ್ಲವು ಎಂದು ಭಾವಿಸಬಾರದು. ಆದ್ದರಿಂದ ತೊಟ್ಟಿಯನ್ನು ಕೊಳ್ಳುವುದಕ್ಕೂ ಮುಂಚೆ, ಯಾವ ಮೀನನ್ನು ಸಾಕಬೇಕೆಂದು ಗೊತ್ತುಮಾಡಿಕೊಳ್ಳುವುದೇ ಮೊದಲ ಹೆಜ್ಜೆ.

ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಈ ಮೀನು ಏನು ತಿನ್ನುತ್ತದೆ ಎಂಬುದು. ಚಿಟ್ಟೆ ಮೀನುಗಳ ಪೈಕಿ ಹಲವು, ಉದಾಹರಣೆಗೆ ಕೀಟೊಡಾನ್ ಆರ್ನಾಟಿಸಿಮಸ್ ಮತ್ತು ಕೀಟೊಡಾನ್ ಮೆಯೆರಿ, ಜೀವಂತ ಹವಳವನ್ನೇ ಉಂಡು ಬದುಕುತ್ತವೆ. ತೊಟ್ಟಿಯಲ್ಲಿ ಎಷ್ಟೇ ಒಳ್ಳೆಯ ಆಹಾರವನ್ನು ಹಾಕಿದರೂ ಮುಟ್ಟದೆ, ವಾರಗಳಲ್ಲಿ ಬೆನ್ನು ಸೊರಗಿ ಸಾಯುತ್ತವೆ. ಬೇರೆ ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಕಿತ್ತು ತಿನ್ನುವ ಕ್ಲೀನರ್ ರಾಸ್‌ನ ಪಾಡೂ ಬಹುತೇಕ ಇದೇ. ದಿಬ್ಬದಲ್ಲಿ ಅದರ ಬಳಿಗೆ ದಿನವಿಡೀ ಮೀನುಗಳು ಸಾಲುಗಟ್ಟಿ ಬರುತ್ತವೆ, ತೊಟ್ಟಿಯಲ್ಲಿರುವ ಐದಾರು ಮೀನುಗಳು ಅದರ ಹೊಟ್ಟೆ ತುಂಬಿಸಲಾರವು. ಮ್ಯಾಂಡರಿನ್ ಮೀನು ಕಲ್ಲುಗಳ ಮೇಲೆ ಹರಿದಾಡುವ ಕೋಪಿಪಾಡ್‌ಗಳಂತಹ ಅತಿ ಚಿಕ್ಕ ಜೀವಿಗಳನ್ನು ಇಡೀ ಹಗಲು ಹೆಕ್ಕುತ್ತಿರುತ್ತದೆ, ಹಾಗಾಗಿ ಹೊಸ ತೊಟ್ಟಿಯಲ್ಲಿ ಅದಕ್ಕೆ ಉಪವಾಸವೇ ಗತಿ. ಜಠರವೇ ಇಲ್ಲದ ಸಮುದ್ರ ಕುದುರೆಗೆ ದಿನಕ್ಕೆ ಹಲವು ಬಾರಿ ಆಹಾರ ಬೇಕು. ಇವುಗಳ ಸೌಂದರ್ಯ ಎಷ್ಟೇ ಮನಸೆಳೆದರೂ ಹೊಸಬರು ಇವನ್ನು ಸಮುದ್ರಕ್ಕೇ ಬಿಟ್ಟುಬಿಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಪ್ರಶ್ನೆ ಗಾತ್ರದ್ದು. ಮರಿಯಾಗಿದ್ದಾಗ ಕಡುನೀಲಿ ಮೈಮೇಲೆ ಬಿಳಿಯ ಸುತ್ತುಗಳಿರುವ ಎಂಪರರ್ ಏಂಜೆಲ್ ಮೀನು ಬೆಳೆದಂತೆ ಹಳದಿ ಪಟ್ಟೆಗಳ ಬೇರೊಂದೇ ರೂಪ ತಾಳಿ 40 ಸೆಂಟಿಮೀಟರ್‌ವರೆಗೆ ಉದ್ದವಾಗುತ್ತದೆ. ಅಂಗಡಿಯಲ್ಲಿ ಬೆರಳುದ್ದ ಕಾಣುವ ನೀಲಿ ಟ್ಯಾಂಗ್ 30 ಸೆಂಟಿಮೀಟರ್ ದಾಟಬಲ್ಲದು, ಮತ್ತು ಅದು ಉದ್ದಕ್ಕೂ ಈಜಾಡುವ ಮೀನು. ಸ್ವಭಾವವನ್ನೂ ವಿಚಾರಿಸಿಕೊಳ್ಳಬೇಕು. ಲಯನ್ ಫಿಶ್ ತೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ, ಆದರೆ ಬಾಯಿಗೆ ಹಿಡಿಸುವ ಮೀನುಗಳನ್ನೆಲ್ಲ ನುಂಗುತ್ತದೆ. ಅದರ ಬೆನ್ನಿನ ಮುಳ್ಳುಗಳಲ್ಲಿ ವಿಷವಿರುವುದರಿಂದ ಮಕ್ಕಳಿರುವ ಮನೆಗೆ ನಾನು ಅದನ್ನು ಸೂಚಿಸುವುದಿಲ್ಲ. ಬೆದರಿದಾಗ ಚರ್ಮದಿಂದ ವಿಷ ಸ್ರವಿಸುವ ಬಾಕ್ಸ್ ಫಿಶ್ ಒಮ್ಮೊಮ್ಮೆ ಇಡೀ ತೊಟ್ಟಿಯ ಮೀನುಗಳನ್ನೇ ಬಲಿ ತೆಗೆದುಕೊಳ್ಳುತ್ತದೆ.

ಹಾಗಾದರೆ ಯಾವುದು ಸೂಕ್ತ? ಕ್ಲೌನ್ ಮೀನು, ಅದರಲ್ಲೂ ಆಂಫಿಪ್ರಿಯಾನ್ ಒಸೆಲಾರಿಸ್, ಎಲ್ಲಕ್ಕಿಂತ ಮೊದಲು ನೆನಪಿಗೆ ಬರುತ್ತದೆ. ಅದು 11 ಸೆಂಟಿಮೀಟರ್ ಮೀರುವುದಿಲ್ಲ, ಒಣ ಆಹಾರವನ್ನೂ ತಿನ್ನುತ್ತದೆ, ತೊಟ್ಟಿಯಲ್ಲೇ ಹುಟ್ಟಿದ ಮರಿಗಳು ಧಾರಾಳವಾಗಿ ಸಿಗುತ್ತವೆ. ಅದರ ಜೊತೆಗೆ ಸಮುದ್ರ ಹೂವು, ಅಂದರೆ ಎನಿಮೋನ್, ಇರಲೇಬೇಕೆಂದಿಲ್ಲ; ಪ್ರಖರ ಬೆಳಕು ಬೇಡುವ ಎನಿಮೋನ್ ಅನ್ನು ಸಾಕುವುದು ಮೀನು ಸಾಕುವುದಕ್ಕಿಂತ ಕಷ್ಟ. ಜೋಡಿ ಕಟ್ಟುವ ಚಿಂತೆಯೂ ಇಲ್ಲ: ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿ ಬೆಳೆದು, ಗುಂಪಿನಲ್ಲಿ ಬಲಶಾಲಿಯಾದದ್ದು ಹೆಣ್ಣಾಗಿ ಮಾರ್ಪಡುವುದರಿಂದ, ಒಂದು ದೊಡ್ಡದು ಒಂದು ಚಿಕ್ಕದು ಎರಡು ಮರಿಗಳನ್ನು ತಂದರೆ ಸಾಕು. ಬಂಗಾಯಿ ಕಾರ್ಡಿನಲ್ ಕೂಡ ಶಾಂತ ಸ್ವಭಾವದ್ದು. ಆದರೆ ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಮೂಲನಿವಾಸಿಯಾದ ಅದು ಅತಿಯಾಗಿ ಹಿಡಿದದ್ದರಿಂದ ಅಳಿವಿನಂಚಿಗೆ ಸರಿದಿದೆ, ಆದ್ದರಿಂದ ತೊಟ್ಟಿಯಲ್ಲಿ ಹುಟ್ಟಿದ್ದನ್ನೇ ಕೇಳಿ ಕೊಳ್ಳಬೇಕು. ರಾಯಲ್ ಗ್ರಾಮಾ, ನಿಯಾನ್ ಗೋಬಿ, ಮುಚ್ಚಳವಿರುವ ತೊಟ್ಟಿಯಾದರೆ ಫೈರ್ ಫಿಶ್ ಇವೂ ಹೊಂದುತ್ತವೆ. ಡ್ಯಾಮ್ಸೆಲ್‌ಗಳು ಗಟ್ಟಿ ಜೀವಗಳು, ಜೊತೆಗೆ ಜಗಳಗಂಟಿಗಳು.

ಮೀನು ನಿಶ್ಚಯವಾದ ಮೇಲೆ ತೊಟ್ಟಿ. ಇಂತಹ ನಾಲ್ಕೈದು ಚಿಕ್ಕ ಮೀನುಗಳಿಗೆ 200 ಲೀಟರ್ ಇಟ್ಟುಕೊಳ್ಳುವುದು ಕ್ಷೇಮ, ಏಕೆಂದರೆ ನೀರು ಹೆಚ್ಚಿದಷ್ಟೂ ಅದರ ಗುಣ ನಿಧಾನವಾಗಿ ಬದಲಾಗುತ್ತದೆ. ಆರ್‌.ಓ. ನೀರಿಗೆ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಲವಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ, ಅಂದರೆ 200 ಲೀಟರಿಗೆ ಏಳು ಕಿಲೋದಷ್ಟು, ಬೇರೆ ಪಾತ್ರೆಯಲ್ಲಿ ಕರಗಿಸಿ ಉಪ್ಪಿನಂಶ ಅಳೆಯುವ ಮಾಪಕದಿಂದ ಪರೀಕ್ಷಿಸಬೇಕು. ಅಡುಗೆಯ ಉಪ್ಪು ಕೂಡದು. ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದ ಸಾಂದ್ರತೆ) 1.023ರಿಂದ 1.026, ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರ ಗುಣದ ಅಳತೆ, 8.1ರಿಂದ 8.4 ಇರಲಿ. ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ ನೀರು ಸದಾ ಕದಡುತ್ತಿರಬೇಕು. ತೊಟ್ಟಿಯ ನೀರು ಆವಿಯಾದಾಗ ಉಪ್ಪು ಅಲ್ಲೇ ಉಳಿಯುತ್ತದೆ, ಆದ್ದರಿಂದ ಕೊರತೆಯನ್ನು ತುಂಬುವಾಗ ಉಪ್ಪಿಲ್ಲದ ನೀರನ್ನೇ ಹಾಕಬೇಕು.

ಇನ್ನು ಕಾಯಬೇಕಾದ ಹಂತ. ಮೀನಿನ ತ್ಯಾಜ್ಯದಿಂದ ಬರುವ ಅಮೋನಿಯಾವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ಅದನ್ನು ಹೆಚ್ಚು ನಿರಪಾಯಕಾರಿಯಾದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಸಮುದ್ರದ ನೀರಿನ ಪಿಎಚ್ ಹೆಚ್ಚಿರುವುದರಿಂದ ಅಷ್ಟೇ ಅಮೋನಿಯಾ ಇಲ್ಲಿ ಹೆಚ್ಚು ವಿಷವಾಗಿ ಪರಿಣಮಿಸುತ್ತದೆ ಎಂಬುದನ್ನು ಸಿಹಿನೀರಿನಿಂದ ಬಂದವರು ಮರೆಯುತ್ತಾರೆ. ಈ ಬ್ಯಾಕ್ಟೀರಿಯಾಗಳು ನೆಲೆಸಿ ಬೆಳೆಯಲೆಂದು ಸರಂಧ್ರ ಕಲ್ಲುಗಳನ್ನು ಜೋಡಿಸಿ, ಅಮೋನಿಯಾದ ಮೂಲವಾಗಿ ಚಿಟಿಕೆ ಮೀನಿನ ಆಹಾರ ಹಾಕಿ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಡಬೇಕು. ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು.

ಅಂಗಡಿಯಲ್ಲಿ, ನೀವು ಆರಿಸಿದ ಮೀನಿಗೆ ನಿಮ್ಮ ಕಣ್ಣೆದುರೇ ಆಹಾರ ಹಾಕಲು ಹೇಳಿ. ತಿನ್ನದ ಮೀನು, ಹೊಟ್ಟೆ ಒಳಸರಿದ ಮೀನು, ಕಿವಿರುಗಳನ್ನು ಅವಸರವಾಗಿ ಬಡಿಯುವ ಮೀನು ಬೇಡ. ಸಯನೈಡ್ ಸಿಂಪಡಿಸಿ ಮಂಕಾಗಿಸಿ ಹಿಡಿದ ಮೀನುಗಳು ನೋಡಲು ಲಕಲಕಿಸುತ್ತಿದ್ದು ಆಮೇಲೆ ಸಾಯುವುದುಂಟು. ಬಂದು ಒಂದೆರಡು ವಾರ ಅಂಗಡಿಯಲ್ಲೇ ಕಳೆದ ಮೀನನ್ನು ಕೇಳುವುದು ಇದಕ್ಕಾಗಿಯೇ.

ತಂದ ಮೀನನ್ನು ನೇರವಾಗಿ ಮುಖ್ಯ ತೊಟ್ಟಿಗೆ ಬಿಡಬಾರದು. ಪ್ರತ್ಯೇಕ ತೊಟ್ಟಿಯೊಂದರಲ್ಲಿ ಚೀಲವನ್ನು ಕಾಲು ಗಂಟೆ ತೇಲಿಸಿ ಉಷ್ಣತೆ ಸರಿಹೊಂದಿಸಿ, ಆ ತೊಟ್ಟಿಯ ನೀರನ್ನು ಚೀಲದ ನೀರಿಗೆ ಹನಿಹನಿಯಾಗಿ ಬೆರೆಸಿ, ಮೀನನ್ನು ಅಲ್ಲೇ ಕನಿಷ್ಠ ನಾಲ್ಕು ವಾರ ಇಡಬೇಕು. ಬಿಳಿ ಚುಕ್ಕೆ ರೋಗದ ಕ್ರಿಪ್ಟೊಕ್ಯಾರಿಯಾನ್ ಪರಾವಲಂಬಿ ಮೀನಿನಿಂದ ಕಳಚಿ ತಳದಲ್ಲಿ ಅಡಗಿ ಮತ್ತೆ ಹೊರಬರುವುದಕ್ಕೆ ವಾರಗಳೇ ಹಿಡಿಯಬಹುದು. ತಾಮ್ರದ ಔಷಧಿ ಕೊಡಬೇಕಾದರೂ ಈ ತೊಟ್ಟಿಯಲ್ಲೇ ಕೊಡಬೇಕು, ಏಕೆಂದರೆ ಅದು ಹವಳ, ಸೀಗಡಿಗಳಿಗೆ ಮಾರಕ.

ಮುಖ್ಯ ತೊಟ್ಟಿಗೆ ಅಂಜುಬುರುಕ ಮೀನುಗಳು ಮೊದಲು, ಡ್ಯಾಮ್ಸೆಲ್ ಇದ್ದರೆ ಎಲ್ಲಕ್ಕಿಂತ ಕೊನೆಗೆ, ಒಂದರಿಂದ ಇನ್ನೊಂದಕ್ಕೆ ಕೆಲವು ವಾರಗಳ ಅಂತರದಲ್ಲಿ ಹೋಗಲಿ. ಆಹಾರವನ್ನು ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟೇ ಹಾಕಿ. ಬೆಳಿಗ್ಗೆ ದೀಪ ಹಚ್ಚಿದಾಗ ಮೀನುಗಳನ್ನು ಎಣಿಸುವ ರೂಢಿ ಬೆಳೆಸಿಕೊಳ್ಳಿ: ಒಂದು ಕಡಿಮೆಯಿದ್ದರೆ ಕಲ್ಲುಗಳ ಸಂದಿನಲ್ಲಿ ಹುಡುಕಿ ತೆಗೆಯಿರಿ, ಕೊಳೆಯುವ ಒಂದು ಮೀನಿನ ಅಮೋನಿಯಾ ಉಳಿದವನ್ನೂ ಕೊಲ್ಲಬಲ್ಲದು.